ಕುಂತವ್ವನ ಕಿಂಡಿ

ನೀರಗುಂಡಿಯ ಬಸ್ ನಿಲ್ದಾಣದಿಂದ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಕೆಂಗಲ್ಲಿನ ಗುಡ್ಡವೊಂದು ಎದುರಾಗುತ್ತದೆ. ದೂರದಿಂದ ಅದು ಒಂದೇ ಗೋಡೆ. ಹತ್ತಿರ ಹೋದಾಗ ಮಾತ್ರ ತುದಿಯಿಂದ ಬುಡದವರೆಗೆ ಸೀಳಿದ ಕಿಂಡಿ ಕಾಣುತ್ತದೆ. ಬಾಯಿಯ ಬಳಿ ಒಬ್ಬರು ಮಾತ್ರ ಹಾಯುವಷ್ಟು ಇಕ್ಕಟ್ಟು. ಒಳಗೆ ತುಸು ಅಗಲವಾಗಿ, ಅತ್ತಿತ್ತ ಹೊರಳುತ್ತ, ಮೂರು ಗಳಿಗೆಯ ದಾರಿ. ಆಚೆ ಬದಿಯಿಂದ ಬರುವ ಸಣ್ಣ ಹಳ್ಳವೊಂದು ಅದರ ನೆಲದುದ್ದಕ್ಕೂ ಹರಿದು ಈಚೆಗೆ ಇಳಿಯುತ್ತದೆ. ಬರಿಯ ಕಲ್ಲು, ಒಳಗೆ ಒಂದು ಹುಲ್ಲುಕಡ್ಡಿಯೂ ಬೆಳೆಯುವುದಿಲ್ಲ. ಇದನ್ನು ಕುಂತವ್ವನ ಕಿಂಡಿ ಎನ್ನುತ್ತಾರೆ. ಯಾವುದೋ ದೇವಿಯ ಹೆಸರಿರಬೇಕೆಂದು ಗುಡಿ ಹುಡುಕುವವರುಂಟು. ಇಲ್ಲಿ ಗುಡಿಯಿಲ್ಲ.

ಹಿಂದೆ ಒಮ್ಮೆ, ಗುಡ್ಡದಾಚೆಯ ಪಟ್ಟಣ ರಾಜಧಾನಿಯಾಗಿದ್ದ ಕಾಲದಲ್ಲಿ, ಈ ಕಿಂಡಿಯೇ ಅಲ್ಲಿಗೆ ಒಳದಾರಿಯಾಗಿತ್ತು. ಪಟ್ಟಣದ ಬಂಡೆಗಳಲ್ಲಿ ಕೊರೆದ ಗವಿಗಳಿದ್ದು, ಅವುಗಳ ಗೋಡೆಯ ಮೇಲೆ ಬಣ್ಣದ ಚಿತ್ರಗಳಿದ್ದವಂತೆ. ಜನಸಾಮಾನ್ಯರಿಗೆ ಅವುಗಳ ದರ್ಶನ ವರ್ಷಕ್ಕೆ ಒಂದೇ ದಿನ, ಕಾರಹುಣ್ಣಿಮೆಯಂದು ಹೊತ್ತು ಮುಳುಗುವವರೆಗೆ. ಪಟ್ಟಣಕ್ಕೆ ಹೋಗುವವರನ್ನೂ ಚಿತ್ರ ನೋಡುವವರನ್ನೂ ದೂರದೂರುಗಳಿಂದ ಕರೆತಂದು ಕಿಂಡಿ ದಾಟಿಸುವುದು ನೀರಗುಂಡಿಯ ದ್ಯಾಮಣ್ಣನ ಕಸುಬು. ಅವನ ಹೆಂಡತಿ ಕಾಳವ್ವ ಮುಂದಾಗಿ ಹೋಗಿ ಆಚೆ ತುದಿಯಲ್ಲಿ ಒಲೆ ಹೂಡಿ ಅಂಬಲಿ ಕಾಯಿಸುವಳು. ತನ್ನಷ್ಟು ಬೇಗ ಜನರನ್ನು ಮುಟ್ಟಿಸುವವರು ಯಾರೂ ಇಲ್ಲವೆಂಬ ಹೆಮ್ಮೆ ದ್ಯಾಮಣ್ಣನಿಗಿತ್ತು. ಆ ವರ್ಷ ಅವನ ಹೆಮ್ಮೆಗೆ ಅಡ್ಡ ಬಂದವಳು ಗುರಬಸವ್ವ ಎಂಬ ಮುದುಕಿ. ಕೌದಿ ಹೊಲಿದು ಮಕ್ಕಳನ್ನು ದಡ ಸೇರಿಸಿ, ಇನ್ನು ಊರುಕೇರಿ ನೋಡುತ್ತೇನೆಂದು ಹೊರಟವಳು. ಕಟ್ಟೆ ಕಂಡರೆ ಕೂರುವಳು, ಕೆರೆ ಕಂಡರೆ ಕೂರುವಳು. ಮೂರು ದಿನದ ದಾರಿ ಅವಳಿಂದಾಗಿ ಐದು ದಿನವಾಗಿತ್ತು. ಉಳಿದ ಹತ್ತು ಮಂದಿ ಹಲ್ಲು ಕಚ್ಚಿಕೊಂಡಿದ್ದರು.

ಹಿಂದಿನ ದಿನವೇ ಕಿಂಡಿಯ ಬಳಿ ಬೀಡುಬಿಟ್ಟಿದ್ದವರು ಕಾರಹುಣ್ಣಿಮೆಯ ಬೆಳಿಗ್ಗೆ ಅದರ ಬಾಯಿಗೆ ಬಂದರು. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಕಾಳವ್ವ ಬುಟ್ಟಿ ಹೊತ್ತು ಆಗಷ್ಟೇ ಒಳಗೆ ಹೋಗಿದ್ದಳು. ದ್ಯಾಮಣ್ಣ ಮಂದಿಯನ್ನು ಸಾಲು ಮಾಡುವಷ್ಟರಲ್ಲಿ ಗುರಬಸವ್ವ ಹಳ್ಳದ ಮುಂದೆ ಬಗ್ಗಿ, ನೀರಿನಿಂದ ಏನನ್ನೋ ಎತ್ತಿ ನೋಡಿ, ಕಿಂಡಿಯ ಬಾಯಿಗೆ ಅಡ್ಡಲಾಗಿ ಕಾಲು ಚಾಚಿ ಕೂತುಬಿಟ್ಟಳು.

“ಏಳವ್ವಾ, ಹೊತ್ತಾತು,” ಎಂದ ದ್ಯಾಮಣ್ಣ.

“ಏಳಂಗಿಲ್ಲ ತಮ್ಮಾ. ಇದನ್ನ ನೋಡು.” ಅವಳ ಅಂಗೈಯಲ್ಲಿ ಹುಣಸೆಯ ಹಸಿ ಚಿಗುರು, ಅದಕ್ಕಂಟಿದ ಕೆಂಪು ನೊರೆ. “ನಿನ್ನೆ ಸಂಜಿತನಾ ಇಲ್ಲೇ ಕುಂತಿದ್ದೆ. ಒಂದು ಎಲಿ ಬರಲಿಲ್ಲ. ಒಳಗ ಗಿಡಾ ಇಲ್ಲಂತ ನೀನಽ ಹೇಳೀದಿ. ಮ್ಯಾಲ ಎಲ್ಲೋ ಗಿಡಾ ಮುರಿಯೋವಂಥಾ ಮಳಿ ಆಗೇತಿ.”

ದ್ಯಾಮಣ್ಣ ಮೇಲೆ ನೋಡಿದ, ನೀಲಿ ಆಕಾಶ. ಹಿಂದೆ ನೋಡಿದ, ಗೊಣಗುತ್ತಿದ್ದ ಮಂದಿ. ಹಿರಿಯಳೊಬ್ಬಳನ್ನು ದಾಟಿ ಕಾಲಿಡುವ ಧೈರ್ಯ ಯಾರಿಗೂ ಇರಲಿಲ್ಲ. ಅವಳ ರಟ್ಟೆ ಹಿಡಿದು ಎಬ್ಬಿಸಬೇಕೆಂದು ಅವನು ಬಗ್ಗಿದ. ಆಗ ಅವನ ಪಾದದ ಸುತ್ತ ನೀರು ಹಿಮ್ಮಡಿಯಿಂದ ಕಣಕಾಲಿಗೆ ಏರಿದ್ದು ಅರಿವಿಗೆ ಬಂತು. ಹೆಂಡತಿ ಒಳಗಿದ್ದಳು. ಕೂಗಿದ; ಆ ತಿರುವುಗಳಲ್ಲಿ ಅವನ ದನಿ ಅವನಿಗೇ ಮರಳಿತು.

“ನೀ ಒಬ್ಬಾವ ದಾಟು,” ಎಂದು ಗುರಬಸವ್ವ ಕಾಲು ಮಡಚಿದಳು. “ಇವರನ್ನ ಬಂಡೆಗಲ್ಲಿನ ಮ್ಯಾಲ ಹತ್ತಸ್ತೀನಿ. ಹೋಗು.”

ನೀರಿಗೆ ಎದುರಾಗಿ ದ್ಯಾಮಣ್ಣ ಓಡಿದ. ಮೊದಲ ತಿರುವಿನಲ್ಲಿ ನೀರು ಮೊಣಕಾಲಿಗಿತ್ತು. ಸಾವಿರ ಸಲ ನಡೆದ ದಾರಿ. ಆದರೂ ಎಲ್ಲಿ ಹತ್ತಬಹುದು, ಎಲ್ಲಿ ಹಿಡಿತವಿದೆ ಎಂದು ಅವನು ಒಮ್ಮೆಯೂ ನೋಡಿರಲಿಲ್ಲ. ಈಗ ಓಡುತ್ತಲೇ ಗೋಡೆಗಳನ್ನು ಹುಡುಕಿದ. ಮೂರನೆಯ ತಿರುವಿನಲ್ಲಿ ಕಾಳವ್ವ ಬುಟ್ಟಿಯನ್ನು ತಲೆಯ ಮೇಲೆ ಎರಡೂ ಕೈಯಿಂದ ಹಿಡಿದು, ಮುಂದಕ್ಕೋ ಹಿಂದಕ್ಕೋ ತಿಳಿಯದೆ ನಿಂತಿದ್ದಳು.

“ಏನಿದು ಸಪ್ಪಳಾರೀ?” ಎಂದಳು. ದೂರದಲ್ಲಿ ನೂರು ಬೀಸುವ ಕಲ್ಲುಗಳು ಒಟ್ಟಿಗೆ ತಿರುಗಿದಂಥ ಸದ್ದು.

“ಬುಟ್ಟಿ ಒಗಿ. ನನ್ನ ಹೆಗಲ ಹತ್ತು.”

ಎರಡಾಳೆತ್ತರದಲ್ಲಿ ಗೋಡೆಯಿಂದ ಚಾಚಿದ ಒಂದು ಹಾಸುಬಂಡೆ ಅವನ ಕಣ್ಣಿಗೆ ಬಿದ್ದಿತ್ತು. ಕಾಳವ್ವ ಹೆಗಲ ಮೇಲೆ ನಿಂತು, ಉಗುರು ಕಿತ್ತು ಹೋಗುವಂತೆ ಅಂಚು ಹಿಡಿದು ಮೇಲೆ ಹೊರಳಿದಳು. ಸೀರೆ ಬಿಚ್ಚಿ ಒಂದು ತುದಿಯನ್ನು ಕಲ್ಲಿನ ಮೂಲೆಗೆ ಸುತ್ತಿ ಇಳಿಬಿಟ್ಟಳು. ಅವನು ಅದನ್ನು ಹಿಡಿಯುವಾಗ ನೀರು ಎದೆಗೆ ಬಂದಿತ್ತು. ಅವನ ಮೊಣಕಾಲು ಬಂಡೆ ಸೇರುವುದಕ್ಕೂ, ಕೆಂಪು ನೀರು ಬೇರುಸಹಿತ ಮರಗಳನ್ನು ಹೊತ್ತು ತಿರುವಿನಲ್ಲಿ ಕಾಣಿಸುವುದಕ್ಕೂ ನಡುವೆ ಒಂದು ಉಸಿರಿನ ಅಂತರವಿತ್ತು ಎನ್ನುತ್ತಾರೆ.

ಇಡೀ ಹಗಲು, ಇಡೀ ರಾತ್ರಿ ಇಬ್ಬರೂ ಬಂಡೆಗೆ ಬೆನ್ನೊತ್ತಿ ಕೂತರು. ನೀರು ಪಾದ ಮುಟ್ಟಿ ನಿಂತಿತು, ಮರುದಿನ ಇಳಿಯಿತು. ಹೊರಗೆ ಬಂದಾಗ ಹತ್ತು ಮಂದಿಯೂ ಮೇಲಿನ ಬಂಡೆಯ ಮೇಲಿದ್ದರು. ಗುರಬಸವ್ವ ಎಲ್ಲರನ್ನೂ ಹತ್ತಿಸಿ, ಇವರಿಬ್ಬರು ಬಂದಾರೆಂದು ಕಿಂಡಿಯ ಬಾಯಲ್ಲೇ ಕೂತಿದ್ದಳಂತೆ. ನೀರು ಸೊಂಟಕ್ಕೆ ಬಂದಾಗ ಇಬ್ಬರು ಗಂಡಸರು ಇಳಿದು ಅವಳನ್ನು ಮೇಲಕ್ಕೆ ಹೊತ್ತೊಯ್ದಿದ್ದರು. ದ್ಯಾಮಣ್ಣ ಅವಳ ಕಾಲು ಹಿಡಿದ.

“ಚಿತ್ರದ ದಿನ ತಪ್ಪಿತವ್ವಾ.”

“ಬರೋ ವರ್ಷ ನೋಡಿದ್ರಾತು,” ಎಂದಳು ಅವಳು. “ಈಗ ಇಲ್ಲಿ ಕುಂದರು. ನೀರು ಹೆಂಗ ತಿಳಿ ಆಗತೈತಿ ನೋಡೂಣು.”

ಅವಸರ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಎರಡು ದಿನ ಎಲ್ಲರೂ ಅಲ್ಲೇ ಕೂತು, ಕೆಂಪು ನೀರು ಕಂದಾಗಿ, ಕಂದು ನೀರು ತಿಳಿಯಾಗುವುದನ್ನು ನೋಡಿದರು. ಅಂದಿನಿಂದ ದ್ಯಾಮಣ್ಣ ಯಾವ ತಂಡವನ್ನೂ ಅರ್ಧ ದಿನ ಬಾಯಿಯ ಬಳಿ ಕೂರಿಸದೆ ಒಳಗೆ ಬಿಡಲಿಲ್ಲ. ಯಾಕೆಂದು ಕೇಳಿದವರಿಗೆ, ಇದು ಕುಂತವ್ವನ ಕಿಂಡಿ, ಎಂದಷ್ಟೇ ಹೇಳುತ್ತಿದ್ದ.

ರಾಜಧಾನಿ ಹೋಯಿತು, ಗವಿಗಳ ಬಣ್ಣವೂ ಬಹುಪಾಲು ಉದುರಿದೆ. ಕಿಂಡಿಯ ಒಳಗೋಡೆಯಲ್ಲಿ ತಲೆಗಿಂತ ಬಹು ಮೇಲೆ ಹಳೆಯ ನೆರೆಯ ಗೆರೆ, ಅದರ ಬಿರುಕುಗಳಲ್ಲಿ ಸಿಕ್ಕಿಬಿದ್ದ ಮರದ ತುಂಡುಗಳು ಇಂದಿಗೂ ಕಾಣುತ್ತವೆ. ಈಚೆ ಬಾಯಿಯ ಪಕ್ಕದ ಬಂಡೆ, ಜನ ಕೂತು ಕೂತು, ತಟ್ಟೆಯಂತೆ ಸವೆದಿದೆ. ದೂರದೂರಿನಿಂದ ಬಂದವರು ಫೋಟೋ ತೆಗೆದುಕೊಂಡು ನೇರ ಒಳಗೆ ನುಗ್ಗಲು ಹೋದರೆ, ಅಲ್ಲಿ ಕುರಿ ಮೇಯಿಸುವವರು ಕೋಲೆತ್ತಿ ಇವತ್ತಿಗೂ ಒಂದೇ ಮಾತು ಕೇಳುತ್ತಾರೆ: “ಕುಂತಿದ್ರೇನ್ರೀ?”