ಬಡಗಣ ಮೂಲೆಯ ಮೂವರಲ್ಲಿ ಸುಳ್ಳು ಯಾರದು?

"ಎರಡು ದ್ವೀಪಗಳ ಜನರೇ ಕೇಳಿ. ತನ್ನ ಒಗಟುಗಳನ್ನು ಯಾರಾದರೂ ಬಿಡಿಸುವವರೆಗೂ ರಾಣಿ ಎಡ್ನಾ ಅನ್ನ ಬಿಟ್ಟಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವರು ಏನು ಕೇಳಿದರೂ ಅರಸ ಆಸ್ರಿಕ ಕೊಡುತ್ತಾನೆ. ತಪ್ಪಿದವರ ತಲೆ ಕೋಟೆಬಾಗಿಲಿಗೆ."

ಬ್ರಿಟನ್ನು, ಐರ್ಲೆಂಡು ಎರಡನ್ನೂ ಆಳುತ್ತಿದ್ದ ಆಸ್ರಿಕ, ತನ್ನ ಪ್ರಜೆಗಳೆಲ್ಲ ಇನ್ನು ಇಂಗ್ಲಿಷರೇ ಎಂದು ಕಟ್ಟಳೆ ಮಾಡಿದ್ದ. ಒಪ್ಪದವರಿಗೆ ಸೆರೆ. ಐರ್ಲೆಂಡಿನ ಬಂದರಿನಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದ ನೂಲಾ, "ನಾನು ಐರಿಷಳು" ಅಂದಿದ್ದಕ್ಕೆ ಏಳು ತಿಂಗಳಿಂದ ಬ್ರಿಟನ್ನಿನಲ್ಲಿ ಅರಸನ ಕೋಟೆಯ ಕತ್ತಲೆಕೋಣೆಯಲ್ಲಿದ್ದಳು. ಈಗ ಕೆಮ್ಮಿದರೆ ರಕ್ತ ಬರುತ್ತಿತ್ತಂತೆ. ಅವಳ ತಮ್ಮ ಲೋರ್ಕನ್, ಜೌಗಿನಲ್ಲಿ ಉರುವಲು ಮಣ್ಣಿನ ಹೆಂಟೆ ಕಡಿಯುವವನು, ಡಂಗುರ ಕೇಳಿದವನೇ ಗುದ್ದಲಿ ಬಿಟ್ಟು ದೋಣಿ ಹತ್ತಿದ. ಬೇರೆ ದಾರಿ ಇರಲಿಲ್ಲ.

ಆಸ್ಥಾನದಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಮೊದಲನೆಯವನು ಒಬ್ಬ ಜಹಗೀರುದಾರ. ರಾಣಿ ಕ್ಷೀಣದನಿಯಲ್ಲಿ, "ಒಂದು ಮನೆಯಲ್ಲಿ ಮೂವರು ಅಣ್ಣತಮ್ಮಂದಿರು. ಹಿರಿಯನ ಹೆಸರಿನಿಂದ ಎಲ್ಲರನ್ನೂ ಕೂಗಿದರೆ ಉಳಿದಿಬ್ಬರು ತಿರುಗಿ ನೋಡುವುದಿಲ್ಲ. ಯಾರವರು?" ಎಂದಳು.

"ಸೂರ್ಯ, ಚಂದ್ರ, ಚುಕ್ಕಿ," ಎಂದ ಜಹಗೀರುದಾರ. ಅವನನ್ನು ಎಳೆದೊಯ್ದರು. ರಾಣಿ ಕಣ್ಣು ಮುಚ್ಚಿಕೊಂಡಳು. ತಲೆ ತೆಗೆಯಬೇಡಿ ಎಂದು ಅವಳು ಬೇಡಿದ್ದನ್ನು ಅರಸ ಕೇಳಿರಲಿಲ್ಲ.

ಎರಡನೆಯವನು ಪಂಡಿತ. ಎರಡು ಒಗಟು ಬಿಡಿಸಿ, ಮೂರನೆಯದರಲ್ಲಿ ತಪ್ಪಿ ಅವನೂ ತಲೆ ಕಳೆದುಕೊಂಡ. ಈ ಸಲ ರಾಣಿ ಒಗಟುಗಳನ್ನು ಅವನೊಬ್ಬನಿಗೇ ಕೇಳಿಸುವಂತೆ ಹೇಳಿದ್ದರಿಂದ ಲೋರ್ಕನ್‌ಗೆ ಏನೂ ತಿಳಿಯಲಿಲ್ಲ.

ಅಣ್ಣತಮ್ಮಂದಿರ ಅದೇ ಮೊದಲ ಒಗಟಿಗೆ ಲೋರ್ಕನ್ ಹೇಳಿದ: "ತಾಯಿ, ಮನೆ ಅಂದರೆ ಬ್ರಿಟನ್ನು. ಇಂಗ್ಲಿಷರು, ಸ್ಕಾಟರು, ವೇಲ್ಸಿನವರು, ಈ ಮೂವರು. ಕೊಯ್ಲಿನ ಕೂಲಿಗೆ ಬಂದಾಗ ವೇಲ್ಸಿನವನೊಬ್ಬನನ್ನು ಇಂಗ್ಲಿಷ ಅಂದುಬಿಟ್ಟೆ. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ."

ರಾಣಿ ತಲೆಯಾಡಿಸಿದಳು. "ಪಕ್ಕದ ಮನೆಯವನ ಬಾಯಲ್ಲಿ ಈ ಮನೆಯ ಮಾತಿದೆ. ಆದರೂ ಅವನು ಈ ಮನೆಯವನಲ್ಲ. ಯಾರು?"

"ನಾನೇ," ಎಂದ ಲೋರ್ಕನ್. "ಐರಿಷನು. ಈಗ ಆಡುತ್ತಿರುವುದು ನಿಮ್ಮ ಮಾತು. ಅಷ್ಟಕ್ಕೇ ನಾನು ಬ್ರಿಟಿಷನಾಗಲಿಲ್ಲ."

ಅರಸನ ಮುಖ ಕಪ್ಪಿಟ್ಟಿತು. ರಾಣಿ ಮೂರನೆಯ ಒಗಟು ಹೇಳಿದಳು:

"ಐರ್ಲೆಂಡಿನ ಬಡಗಣ ಮೂಲೆಯಲ್ಲಿ ಒಂದೂರು. ಒಂದೇ ಬಾವಿಯ ನೀರು ಕುಡಿದವರಲ್ಲಿ ಒಬ್ಬ ತಾನು ಬ್ರಿಟಿಷನೆನ್ನುತ್ತಾನೆ, ಇನ್ನೊಬ್ಬ ಐರಿಷನೆನ್ನುತ್ತಾನೆ. ಮೂರನೆಯವಳು ಎರಡೂ ಹೌದೆನ್ನುತ್ತಾಳೆ. ಸುಳ್ಳು ಯಾರದು?"

ಲೋರ್ಕನ್‌ಗೆ ಬ್ರಿಟಿಷನದು ಸುಳ್ಳೆನ್ನಲು ಮನಸ್ಸು ಎಳೆಯಿತು. ಆದರೆ ನೂಲಾ ನೆನಪಾದಳು. ಒಂದು ಮಾತು ಬದಲಿಸಿದ್ದರೆ ಅವಳು ಅಂದೇ ಮನೆಗೆ ಬರುತ್ತಿದ್ದಳು, ಬದಲಿಸಲಿಲ್ಲ. ಆ ಊರಿನ ಬ್ರಿಟಿಷನಿಗೂ ತನ್ನ ಹೆಸರು ಅಷ್ಟೇ ಗಟ್ಟಿಯಾಗಿರಬೇಡವೇ?

"ಯಾರದೂ ಸುಳ್ಳಲ್ಲ," ಎಂದ. "ತಾವು ಯಾರೆಂದು ಅವರೇ ಹೇಳಬೇಕು. ಬಾವಿಯಾಗಲಿ ಅರಸನಾಗಲಿ ಹೇಳುವಂತಿಲ್ಲ. ನಾವು ಕೇಳಬೇಕು ಅಷ್ಟೇ."

"ಸರಿಯಾದ ಉತ್ತರ," ಎಂದಳು ರಾಣಿ.

ಲೋರ್ಕನ್ ಅಕ್ಕನನ್ನು ಕೇಳಿದ. ಕಟ್ಟಳೆಯನ್ನು ಹಿಂತೆಗೆಯಬೇಕೆಂದೂ ಕೇಳಿದ. ಕೊಟ್ಟ ಮಾತಿಗೆ ಸಿಕ್ಕಿದ ಅರಸ ಎರಡಕ್ಕೂ ಒಪ್ಪಿದ. ಸೆರೆಯಿಂದ ಕರೆತಂದ ನೂಲಾಳಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಲೋರ್ಕನ್ ಅವಳನ್ನು ಬೆನ್ನ ಮೇಲೆ ಹೊತ್ತು ಬಾಗಿಲಿನತ್ತ ನಡೆದ.

ಅರಸ ಗಂಜಿಯ ಬಟ್ಟಲು ಹಿಡಿದು ಹೆಂಡತಿಯ ಹತ್ತಿರ ಕುಳಿತ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. "ಆ ಊರು ನಿನ್ನದಲ್ಲವೇ ಎಡ್ನಾ?" ಎಂದು ಕೇಳಿದ. "ನೀನು ಯಾರು?"

"ಎರಡೂ," ಎಂದು ರಾಣಿ ಬಟ್ಟಲಿಗೆ ಕೈ ಚಾಚಿದಳು.