ಕೆರೆ ದಡದ ಮೂರು ದಿನ

"ಕೆರೆ ದಡದಲ್ಲಿ ಮೀನು ಹಿಡಿಯೋ ಲಾಡ್ಜ್ ಇದೆಯಂತಲ್ಲ, ನನಗೆ ಮೂರು ದಿನ ಬುಕ್ ಮಾಡು. ಎಲ್ಲಾ ನನ್ನ ದರ್ಜೆಗೆ ತಕ್ಕಂತಿರಲಿ," ಎಂದರು ಸಾಹೇಬರು.

ಅಲ್ಲಿಗೆ ಹೋಗಲೆಂದೇ ಗುಮಾಸ್ತ ಹನ್ನೊಂದು ವರ್ಷದಿಂದ ಇದೇ ಸಾಹೇಬರ ಹತ್ತಿರ ರಜೆ ಕೇಳಿ ಸೋತಿದ್ದ.

ಸಂಜೆ ಬಂದು ಹೇಳಿದ: "ಬುಕ್ ಆಯ್ತು ಸಾರ್. ಅಲ್ಲಿ ಫೋನ್ ಸಿಗಲ್ಲ. ಸಲಾಂ ಹೊಡೆಯೋರಿಲ್ಲ. ಅಡುಗೆಯ ಚಿಕ್ಕಮಾದ ಯಾರು ಬಂದರೂ 'ಬಾರ್ಲಾ' ಅಂತ ಏಕವಚನದಲ್ಲೇ ಕರೀತಾನಂತೆ. ಬೆಳಗಿನ ಜಾವ ಗಾಳ ಹಾಕಿ ಕೂತರೆ, ನೀರ ಮೇಲಿನ ಮಂಜು ಕರಗೋವರೆಗೂ ಮಾತಾಡೋ ಹಾಗಿಲ್ಲ..." ಹೇಳುತ್ತಾ ಹೇಳುತ್ತಾ ಅವನ ದನಿ ಮೆತ್ತಗಾಯಿತು.

"ಅದೇನು ಜೈಲೇನಯ್ಯಾ? ಕ್ಯಾನ್ಸಲ್ ಮಾಡು!"

"ಆಗಲ್ಲ ಸಾರ್, ಆಫೀಸಿನ ಹೆಸರಲ್ಲೇ ಬುಕ್ ಆಗಿದೆ. ಯಾರೂ ಹೋಗದಿದ್ದರೆ ಆಫೀಸಿಗೇ ಅವಮಾನ."

"ಹಾಗಾದ್ರೆ ನೀನೇ ಹೋಗಿ ಸಾಯಿ!"

ಗುಮಾಸ್ತ ಜೇಬಿನಿಂದ ರಜೆ ಅರ್ಜಿ ತೆಗೆದು ಸಹಿಗೆ ಇಟ್ಟ. ಕಾಗದ ಹಳದಿಯಾಗಿತ್ತು. ತಾರೀಕು ಮಾತ್ರ ಹೊಸದು.