ಚೀಟಿಯಿಲ್ಲದ ಬಾಟಲಿ

ಹೊಳೆಬದಿಯ ಒಂದು ಮಾಡಿನ ಕೆಳಗೆ ವಾಮನಯ್ಯ ಎಂಬ ಗುರುಗಳು ಪುಟ್ಟ ಪುಟ್ಟ ದೋಣಿ, ವಿಮಾನ, ರೈಲುಗಳ ಮಾದರಿ ಮಾಡುವ ವಿದ್ಯೆ ಕಲಿಸುತ್ತಿದ್ದರು. ಲೋಹಿತ ಅವರ ಶಿಷ್ಯ. ಕೈ ಚುರುಕು, ಬುದ್ಧಿಯೂ ಚುರುಕೇ. ಅನುಮಾನ ಮಾತ್ರ ಎರಡಕ್ಕಿಂತಲೂ ಒಂದು ಹೆಜ್ಜೆ ಮುಂದೆ.

ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಟಿಸಿ ಅವನೊಂದು ಲಾಂಚು ಮಾಡಿದ್ದ. ಅವನಪ್ಪ ಇದೇ ಹೊಳೆಯಲ್ಲಿ ಜೀವಮಾನವಿಡೀ ಓಡಿಸಿದ ಲಾಂಚಿನ ಪಡಿಯಚ್ಚು ಅದು. ಅಪ್ಪ ತೀರಿಕೊಂಡ ಮೇಲೆ ಲಾಂಚು ಗುಜರಿಗೆ ಹೋಗಿತ್ತು. ವರ್ಷಾಂತಿಕದ ದಿನ ಇದನ್ನು ಅಪ್ಪನ ಪಟದ ಮುಂದೆ ಇಡುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದ. ಬಣ್ಣವೊಂದು ಬಾಕಿ.

ಎನಾಮೆಲ್ ಬಣ್ಣ ಗಟ್ಟಿ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷಿನ ಸಣ್ಣ ಬಾಯಿಂದ ಅದು ಹೊರಡಬೇಕಾದರೆ, ಬಣ್ಣ ತೆಳುವಾಗಿಸುವ ತಿನ್ನರ್ ಬೆರೆಸಿ ಹಾಲಿನ ಹದಕ್ಕೆ ತರಬೇಕು. ಕಂಪನಿಯ ತಿನ್ನರ್ ಬೆರಳುದ್ದದ ಶೀಶೆಯಲ್ಲಿ ಬರುತ್ತದೆ, ರೇಟು ಕೇಳಿದರೆ ತಲೆ ತಿರುಗುತ್ತದೆ. ಕೈಗೆಟಕುವಂಥದ್ದು ಯಾವುದೆಂದು ಲೋಹಿತ ಗುರುಗಳನ್ನು ಕೇಳಿದ.

"ಹಾರ್ಡ್‌ವೇರ್ ಅಂಗಡಿಯ ಟರ್ಪಂಟೈನ್ ಸಾಕು," ಎಂದರು ಗುರುಗಳು. "ಆದರೆ ಯಾರು ಹೇಳಿದ್ದೇ ಆಗಲಿ, ಮೊದಲು ಚಮಚ."

ಅದು ಅಲ್ಲಿಯ ಪದ್ಧತಿ. ಹೊಸ ಬಾಟಲಿ ಯಾವುದೇ ಬರಲಿ, ಮೊದಲು ಒಂದು ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು, ಒಂದು ದಿನ ಒಣಗಿಸಿ, ಉಗುರಿನಿಂದ ಕೆರೆದು ನೋಡಬೇಕು. ಮಾಡಿನ ತುಂಬ ಬಣ್ಣ ಮೆತ್ತಿದ ಚಮಚಗಳು ದಾರದಲ್ಲಿ ತೂಗುತ್ತಿದ್ದವು.

ಲೋಹಿತ ತಲೆಯಾಡಿಸಿದ, ಒಳಗೊಳಗೇ ಮೂಗು ಮುರಿದ. ಬಾಗಿಲು ಕಿಟಕಿಗೆ ಬಳಿಯುವವರ ಟರ್ಪಂಟೈನಿನಿಂದ ಗುರುಗಳ ಕೆಲಸದ ಆ ಹೊಳಪು ಬರುತ್ತದೆಯೇ? ಹಾಗಾದರೆ ಕಪಾಟಿನ ಮೇಲಿರುವ ಆ ಚೀಟಿಯಿಲ್ಲದ ಬಾಟಲಿ ಏನು? ಒಮ್ಮೆ ಕೇಳಿದ್ದಕ್ಕೆ, ಅದು ಬಣ್ಣಕ್ಕಲ್ಲ ಎಂದಿದ್ದರು. ಬಣ್ಣಕ್ಕಲ್ಲವಾದರೆ ಬಣ್ಣ ಹೊಡೆಯುವ ದಿನವೇ ಅದು ಯಾಕೆ ಕೆಳಗಿಳಿಯಬೇಕು?

ತಲೆಗೆ ಹೊಕ್ಕ ಹುಳ ಹೊರಗೆ ಬರಲೇ ಇಲ್ಲ.

ಟರ್ಪಂಟೈನ್ ತಂದ. ಗುರುಗಳ ಮಾತಿನ ಮೇಲೇ ಅನುಮಾನ, ಒಂದಲ್ಲ, ಮೂರು ಚಮಚಕ್ಕೆ ಹೊಡೆದು ಪರೀಕ್ಷಿಸಿದ. ಮೂರೂ ಚೆನ್ನಾಗಿಯೇ ಬಂದವು. ಇಷ್ಟು ಅಗ್ಗದ್ದು ಇಷ್ಟು ಚೆನ್ನಾಗಿ ಬಂದದ್ದೇ ಅವನಿಗೆ ಇನ್ನೊಂದು ಅನುಮಾನವಾಯಿತು. ಒಳ್ಳೆಯದನ್ನು ತಮಗಿಟ್ಟುಕೊಂಡು ತನಗೆ ಇದನ್ನು ದಾಟಿಸಿದ್ದಾರೆ, ಅಷ್ಟೇ!

ವರ್ಷಾಂತಿಕಕ್ಕೆ ನಾಲ್ಕೇ ದಿನವಿತ್ತು. ಬೆಳಿಗ್ಗೆ ಗುರುಗಳು ಹೊಳೆಗೆ ಸ್ನಾನಕ್ಕೆ ಹೋದದ್ದೇ ತಡ, ಲೋಹಿತ ಆ ಬಾಟಲಿ ಇಳಿಸಿದ. ಮುಚ್ಚಳ ತೆಗೆದರೆ ಘಾಟು ಮೂಗಿಗೆ ಹೊಡೆಯಿತು. ಬಚ್ಚಿಟ್ಟ ಮೇಲೆ ಒಳ್ಳೆಯದೇ ಇರಬೇಕು ಎಂದುಕೊಂಡ. ಹಾಲಿನ ಹದಕ್ಕೆ ಬೆರೆಸಿ ಲಾಂಚಿನ ಮೇಲೆ ಧಾರಾಳವಾಗಿ ಹೊಡೆದ.

ಆಹಾ, ಏನು ಹೊಳಪು! ತನ್ನ ಅನುಮಾನ ಸುಳ್ಳಾಗಲಿಲ್ಲವೆಂದು ಬೀಗಿದ.

ನೋಡನೋಡುತ್ತ ಲಾಂಚಿನ ಮೈ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಅಪ್ಪ ನಿಂತು ಚುಕ್ಕಾಣಿ ಹಿಡಿಯುತ್ತಿದ್ದ ಕೋಣೆಯ ತೆಳು ಕಂಬಗಳು ಮೆತ್ತಗಾಗಿ ಬಾಗಿದವು. ಅಮ್ಮನಿಗೆ ಯಾವ ಮುಖ ತೋರಿಸಲಿ ಎಂದು ಲೋಹಿತ ಅಲ್ಲೇ ಕುಸಿದು ಕೂತು ಅತ್ತ.

ಗುರುಗಳು ಒದ್ದೆ ಪಂಚೆಯಲ್ಲೇ ಬಂದರು. ಲಾಂಚನ್ನು ನೋಡಿದರು, ಬಾಟಲಿಯನ್ನೂ ನೋಡಿದರು. ಏರ್‌ಬ್ರಷ್ಷು ಬಿಚ್ಚಿ, ಆ ಬಾಟಲಿಯದನ್ನೇ ಹತ್ತಿಗೆ ತಾಗಿಸಿ ಬ್ರಷ್ಷಿನ ಬಾಯಿ ಒರೆಸಿದರು. ಅಂಚಿಗೆ ಕಚ್ಚಿಕೊಂಡಿದ್ದ ಹಳೆ ಬಣ್ಣ ಕ್ಷಣದಲ್ಲಿ ಕರಗಿ ಹೋಯಿತು. ಅದು ಕಬ್ಬಿಣ, ಹಿತ್ತಾಳೆ ತೊಳೆಯುವ ಕಡು ತಿನ್ನರ್, ಪ್ಲಾಸ್ಟಿಕ್ಕನ್ನು ತಿನ್ನುವಂಥದ್ದು ಎಂಬುದು ಲೋಹಿತನಿಗೆ ಆಗ ತಿಳಿಯಿತು.

ಅವನು ಗುರುಗಳ ಕಾಲು ಹಿಡಿದ.

"ನಿಮ್ಮನ್ನು ನಂಬಲಿಲ್ಲ ಗುರುಗಳೇ. ತಪ್ಪಾಯಿತು."

"ನನ್ನನ್ನು ನಂಬು ಎಂದು ನಾನು ಯಾವತ್ತು ಹೇಳಿದ್ದೆ ಮಾರಾಯ?"

ಗುರುಗಳು ಡಬ್ಬಿಯಿಂದ ಒಂದು ಹೊಸ ಚಮಚ ತೆಗೆದು ಅವನ ಕೈಗಿಟ್ಟರು.

"ನಾನು ಹೇಳಿದ ಮಾತಿಗೆ ನೀನು ಮೂರು ಚಮಚ ಖರ್ಚು ಮಾಡಿದೆ. ನೀನು ಕದ್ದದ್ದಕ್ಕೆ ಒಂದೂ ಬೇಡವಾಯಿತೇ?"